ಕಾಲು ನೆಲಕ್ಕೆ ಮುಟ್ಟುವ ಗಾಡಿ

ಮಾನ್ವಿ, ೧೧ ಏಪ್ರಿಲ್ ೧೯೪೮, ಭಾನುವಾರ

ನೀಲಿ ಮತ್ತೆ ಎದ್ದಳು. ಮೂರು ತಿಂಗಳ ಕೂಸಿಗೆ ಇಷ್ಟು ಸಿಟ್ಟು ಎಲ್ಲಿಂದ ಬರುತ್ತದೋ. ಒಂದು ಕೈಯಲ್ಲಿ ತೊಟ್ಟಿಲ ಹಗ್ಗ, ಇನ್ನೊಂದರಲ್ಲಿ ಪೆನ್ನು. ಹೆತ್ತಾಗಿನಿಂದ ನಿದ್ದೆ ನನ್ನ ಪಾಲಿಗಿಲ್ಲ. ಕಣ್ಣು ಮುಚ್ಚಿದರೆ ಯಾರೋ ಬಾಗಿಲು ಒದ್ದಂತೆ ಕೇಳುತ್ತದೆ.

ಇವರು ಸಿಕಂದರಾಬಾದಿನ ಮಿಲಿಟರಿ ಡಿಸ್ಪೋಸಲ್‌ ಹರಾಜಿನಲ್ಲಿ ಹಿಡಿದ ಮೂರು ಮೋಟಾರ್ ಸೈಕಲ್ಲು ನಿನ್ನೆ ಲಾರಿಯಿಂದ ಇಳಿದವು. ನಮ್ಮ ಶೇಂಗಾ ಗಿರಣಿ ಅಂಗಳದಲ್ಲಿ ಸಾಲಾಗಿ ನಿಂತಿವೆ, ಮೂರೂ ಖಾಕಿ ಬಣ್ಣ. ಒಂದು ಇಟ್ಟುಕೊಂಡು ಉಳಿದವನ್ನು ಮಾರುವುದು ಅಂತ ಮಾತು. ಶೇಂಗಾ ಖರೀದಿಗೆ ಬಾಗಲವಾಡ, ಮಸರಕಲ್, ದೇವದುರ್ಗ... ತಿಂಗಳಲ್ಲಿ ಅರ್ಧ ದೌರಾ, ಊರೂರು ತಿರುಗಾಟ ಇವರದು. ಕುದುರೆ ಸತ್ತಾಗಿನಿಂದ ಬಂಡಿ. ಈಗ ಬಂಡಿಯ ಮೇಲೆ ಕೂತವನೆಂದರೆ ನಿಜಾಮನ ಪರ ಬಡಿದಾಡುವ ರಜಾಕಾರರ ಕೈಗೆ ತಾನೇ ಹೋಗಿ ಸಿಕ್ಕವನು.

"ನೀ ಬಿ.ಎ. ಓದಿದಾಕಿ. ಇಂಗ್ಲಿಷ್ ಪುಸ್ತಕ ಕೊಟ್ಟಾರ ಗಾಡಿ ಜೋಡಿ. ಓದಿ ಹೇಳು, ಯಾವ್ದು ಇಟ್ಗೋಬೇಕು" ಅಂದರು.

ಕಾಲೇಜಿನಲ್ಲಿ ಮಿಲ್ಟನ್ ಓದಿದ್ದು ಇದಕ್ಕೇ ಇರಬೇಕು. ಓದುತ್ತಿದ್ದೇನೆ. ಕ್ಲಚ್, ಗೇರು, ಮ್ಯಾಗ್ನೆಟೋ. ಕಥೆಗಿಂತ ಚಲೋ ಇದೆ.

೧೩ ಏಪ್ರಿಲ್, ಮಧ್ಯಾಹ್ನ

ಇವತ್ತು ಪರೀಕ್ಷೆ ಆಯಿತು.

ಒಂದನೆಯದು ವಿಲಾಯತಿ ಸಣ್ಣದು. ಒಬ್ಬ ಹಮಾಲ ಎತ್ತಿ ಪಕ್ಕಕ್ಕಿಡುತ್ತಾನೆ. ಎರಡನೆಯದೂ ವಿಲಾಯತಿ, ಒಂದೇ ದೊಡ್ಡ ಸಿಲಿಂಡರು. ಒದ್ದರೆ ತಿರುಗಿ ಒದೆಯುತ್ತದೆ. ಹಮಾಲ ತಾಯಣ್ಣನ ಮೊಣಕಾಲು ಬಾತಿದೆ. ಮೂರನೆಯದು ಅಮೆರಿಕದ್ದು, ಎಮ್ಮೆಯಂಥ ಗಾಡಿ. ಎರಡೂ ಬದಿ ತೊಗಲ ಚೀಲ, ಹಿಂದೆ ಕೂರಲು ಅಗಲ ಸೀಟು, ಕಾಲಿಡಲು ಹಲಗೆ. ಗೇರಿನ ಕೋಲು ಟ್ಯಾಂಕಿನ ಎಡಕ್ಕೆ, ಕೈಯಲ್ಲಿ ಎಳೆಯಬೇಕು. ಕ್ಲಚ್ ಎಡಗಾಲಿನಲ್ಲಿ. ದೂರದ ದಾರಿಗೆ ಮಾಡಿದ್ದು ಅಂತ ಪುಸ್ತಕವೇ ಹೇಳುತ್ತದೆ.

ಇವರ ಮನಸ್ಸು ದೊಡ್ಡದರ ಮೇಲೆ. ಆದರೆ ಇವರ ನೆತ್ತಿ ನನ್ನ ಕಿವಿಗೆ ಬರುತ್ತದೆ. ಮದುವೆಯ ಫೋಟೋದಲ್ಲಿ ಇವರ ಕಾಲ ಕೆಳಗೆ ಎರಡು ಮಣೆ ಇಟ್ಟಿದ್ದರು. ಏರಿದರು. ಬೆರಳ ತುದಿಯೂ ನೆಲಕ್ಕೆ ಮುಟ್ಟಲಿಲ್ಲ. ನಾಲ್ಕು ಮಾರು ಹೋಗಿ ನಿಲ್ಲಿಸಿದರು, ನಿಂತದ್ದೇ ಗಾಡಿ ಇವರ ಮೇಲೆ. ತಾಯಣ್ಣ ಓಡಿಬಂದು ಎತ್ತಿದ. ಯಾರೂ ನಗಲಿಲ್ಲ. ನಗದೆ ಇದ್ದದ್ದೇ ಇವರಿಗೆ ಚುಚ್ಚಿತು ಅನಿಸುತ್ತದೆ.

"ನಾ ಒಮ್ಮೆ ಕುಂದ್ರಲೇನು?" ಅಂದೆ.

ಕೂತೆ. ಎರಡೂ ಪಾದ ಪೂರ್ತಿ ನೆಲದ ಮೇಲೆ. ಮೊಣಕಾಲು ಎಲ್ಲೂ ತಾಗಲಿಲ್ಲ. ಕೈ ತಾನಾಗಿಯೇ ಹ್ಯಾಂಡಲ್ಲಿಗೆ ಹೋಯಿತು. ಹುಟ್ಟಿದಾಗಿನಿಂದ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಂಡವಳು ನಾನು. ಒಂದು ವಸ್ತುವಾದರೂ ನನ್ನ ಅಳತೆಗೆ ಇದೆಯಲ್ಲ.

ಅತ್ತೆ ಪಡಸಾಲೆಯಿಂದ: "ಇಳೀ ಬೇ ಶರಣಮ್ಮ. ಹಸಿ ಮೈ ಬಾಣಂತಿ ಕ್ವಾಣ ಏರಿ ಕುಂತಾಳ, ಊರ್ ಮಂದಿ ನೋಡಾಕತ್ತೈತಿ."

ಗೋಡೆಯ ಆಚೆಯಿಂದ ಸುಗ್ರಾ ಬೇಗಂ. ನನ್ನದೇ ವಯಸ್ಸು, ಅವಳ ರಹಮತ್ ನೀಲಿಗಿಂತ ಹತ್ತು ದಿನಕ್ಕೆ ದೊಡ್ಡವ. "ಅಕ್ಕಾ, ಖುದಾ ನಿನ್ನ ಕಾಲು ಇದಕ್ಕಂತನ ಮಾಡ್ಯಾನ ಬಿಡು. ನಿನಗ ಸೀರಿ ಸಾಲಂಗಿಲ್ಲಂತ ನಾ ಸುಮ್ನ ಮರುಗಾಕತ್ತಿದ್ದೆ."

೧೪ ಏಪ್ರಿಲ್

ಇವರ ವಾದ: "ಹೊಸಬ್ರಿಗೆ ಸಣ್ಣದು ಚಲೋ ಅಂತಾರ ಎಲ್ಲಾರೂ."

ನನ್ನದು: "ಆ ಎಲ್ಲಾರೂ ನಿಮ್ಮಷ್ಟು ಎತ್ತರ ಇದ್ದವ್ರು."

ಅನ್ನಬಾರದಿತ್ತು. ಊಟ ಬಿಟ್ಟು ಎದ್ದರು.

ಸಂಜೆ ತಾವೇ ಬಂದು ಕೂತರು. "ನಿನಗ್ಯಾಕ ಬೇಕದು? ಖರೆ ಹೇಳು."

ಹೇಳಿದೆ. ಹೋದ ವಾರ ರಜಾಕಾರರು ಬಸ್ಸು ತಡೆದು ಇಳಿಸಿದ ಹೆಂಗಸರಲ್ಲಿ ಒಬ್ಬಳ ಕೂಸನ್ನು ಕಾಲು ಹಿಡಿದು ಬೀಸಿ ಗಾಲಿಗೆ ಬಡಿದರಂತೆ. ಕೇಳಿದಾಗಿನಿಂದ ಒಂದೇ ಯೋಚನೆ. ಅವರು ಬಂದರೆ ನೀಲಿಯನ್ನು ಎತ್ತಿಕೊಂಡು ಎಷ್ಟು ದೂರ ಓಡಬಲ್ಲೆ? ತುಂಗಭದ್ರೆ ದಾಟಿದರೆ ಮದ್ರಾಸ್ ಸೀಮೆ, ನಿಜಾಮನ ಕೈ ಅಲ್ಲಿಗೆ ಮುಟ್ಟದು. ಕಾಲಿನಿಂದ ಆಗದು. ಸಣ್ಣ ಗಾಡಿಯಲ್ಲೂ ಆಗದು. ಕೂತು ನೋಡಿದೆ. ಮೊಣಕಾಲು ಹ್ಯಾಂಡಲ್ಲಿಗೆ ಬಡಿದು ತಿರುವಲಿಕ್ಕೇ ಬರುವುದಿಲ್ಲ. ತೂಕ ಹೆಚ್ಚು ಅಂತ ಹೆದರಿಸುತ್ತಾರೆ, ಆದರೆ ಕಾಲು ಊರಲು ಬಂದರೆ ತೂಕ ನೆಲದ ಪಾಲು.

ಎದ್ದು ಅಂಗಳದ ಗಾಡಿಗಳನ್ನು ನೋಡಿ ಬಂದರು. "ದೊಡ್ಡದು ಇರಲಿ. ಸಣ್ಣದು ನನಗ. ನಡುವಿಂದು ಮಾರಿಬಿಡ್ತೀನಿ."

೨ ಮೇ, ಭಾನುವಾರ

ಅಂಗಳದ ಸುತ್ತ ದಿನಾ ಬೆಳಿಗ್ಗೆ ಗಾಡಿ ಕಲಿಕೆ. ಗೇಟು ಹಾಕಿಸಿ. ಇವರ ಪಾಯಜಾಮ ನನ್ನ ಮೀನಖಂಡಕ್ಕೇ ಮುಗಿಯುತ್ತದೆ. ತೊಗಲ ಚೀಲದಲ್ಲಿ ಸಿಕ್ಕ ಮಿಲಿಟರಿ ಕೋಟು ಮಾತ್ರ ಸರಿಯಾಗಿದೆ, ಮೊಣಕಾಲ ಕೆಳಗಿನವರೆಗೆ ಬರುತ್ತದೆ. ಎರಡು ಸಲ ಬಿದ್ದೆ. ತೊಡೆ ಸುಟ್ಟಿತು. ಎದೆ ಹಾಲು ಸೋರಿ ಕೋಟೆಲ್ಲ ವಾಸನೆ.

ಸುಗ್ರಾಳ ಗಂಡ ಗೌಸ್ ಮಾಸ್ತರರು ಮಸರಕಲ್ ಶಾಲೆಯಿಂದ ಬಂದಿದ್ದರು. ಕಂಡು ತಲೆ ತಗ್ಗಿಸಿ ಹೋದರು. ಆಮೇಲೆ ಸುಗ್ರಾ ಹೇಳಿದಳು: "ಇವರು ಅಂತಾರ, ಶರಣಮ್ಮಬಾಯಿ ಮೂರನೇ ಗೇರಿಗೆ ಜಲ್ದಿ ಹಾಕ್ತಾರಂತ. ನೋಡಲಾರದಂಗ ನೋಡ್ಯಾರ ನೋಡು."

೨೨ ಮೇ, ಶನಿವಾರ

ತಾಯಣ್ಣ ಸತ್ತ.

ದೇವದುರ್ಗದಿಂದ ಬಂಡಿ ತರುತ್ತಿದ್ದ. ಎತ್ತು ತಾವಾಗಿಯೇ ಮನೆಗೆ ಬಂದವು. ಶೇಂಗಾ ಚೀಲದ ಮೇಲೆ ಅವನು. ಎರಡೂ ಅಂಗೈ ಇಲ್ಲ. ಯಜಮಾನ ಯಾರಿಗೆ ಚಂದಾ ಕೊಡುತ್ತಾನೆ ಹೇಳು ಅಂತ ರಜಾಕಾರರು ಕಡಿದರಂತೆ, ಹಿಂದಿನ ಬಂಡಿಯವ ಜಾಲಿಯಲ್ಲಿ ಅಡಗಿ ನೋಡಿದ್ದಾನೆ. ಒಂದು ಕಡಿದ ಮೇಲೆ ಮತ್ತೆ ಕೇಳಿದರಂತೆ. ಅವನು ಹೇಳಲಿಲ್ಲ. ಚೀಲ ತೊಯ್ದು ಕೆಳಗಿನ ಸಾಲಿಗೂ ರಕ್ತ ಇಳಿದಿತ್ತು.

ಅವನ ಹೆಂಡತಿ ಗೋಪಮ್ಮ ಅಳಲಿಲ್ಲ. ಬಂಡಿಯ ಮೂಕಿ ಹಿಡಿದು ನಿಂತಳು. "ಕೈ ಎಲ್ಲಿ ಅದಾವ್ರಿ? ಕೈ ಇಲ್ದಂಗ ಹೆಂಗ ಮಣ್ಣು ಕೊಡ್ಲಿ?" ಅಷ್ಟನ್ನೇ ಕೇಳಿದಳು, ಮತ್ತೆ ಮತ್ತೆ. ಇಬ್ಬರು ಹುಡುಕಲು ಹೋದರು. ಸಿಗಲಿಲ್ಲ.

ಇವರು ಅದೇ ಸಂಜೆ ಸಣ್ಣ ಗಾಡಿ ತೆಗೆದರು. ರಜಾಕಾರರ ವಿರುದ್ಧ ಹೋರಾಡುವವರ ಹೊಳೆಯಾಚೆಯ ಕ್ಯಾಂಪಿಗೆ. ಬಂದೂಕು ಕಲಿಸುತ್ತಾರಂತೆ.

"ಕೂಸು?" ಅಂದೆ.

"ಅದಕ್ಕಽ ಹೊಂಟೀನಿ."

ದೊಡ್ಡ ಗಾಡಿಯನ್ನು ಶೇಂಗಾ ಹೊಟ್ಟಿನ ಗೋದಾಮಿನಲ್ಲಿ ನಿಲ್ಲಿಸಿ ಮೇಲೆ ಹೊಟ್ಟು ಸುರಿಸಿ ಹೋದರು. ಪೆಟ್ರೋಲಿನ ಡಬ್ಬವೂ ಅಲ್ಲೇ.

೯ ಜುಲೈ, ಶುಕ್ರವಾರ

ಬರೆಯದೆ ಇರಲಾರೆ.

ಹೊತ್ತೇರಿತ್ತು. ರಜಾಕಾರರ ಲಾರಿ ಸದ್ದು. ನಮ್ಮ ಹಿತ್ತಲಿಗೂ ಸುಗ್ರಾಳ ಹಿತ್ತಲಿಗೂ ನಡುವೆ ಕಿಂಡಿ ಇದೆ, ನೀಲಿಯನ್ನು ಎತ್ತಿಕೊಂಡು ಅದರಿಂದ ನುಸುಳಿದೆ. ಅವಳ ಅತ್ತೆ ಅಕ್ಬರಿ ಬೇಗಂ ನೆಲದೊಳಗಿನ ಕಾಳಿನ ಹಗೇವಿನ ಕಲ್ಲು ಸರಿಸಿದಳು. ಇಳಿದೆ. ಕೂಸನ್ನು ತೆಗೆದುಕೊಳ್ಳಲು ಕೈ ಮೇಲೆ ಚಾಚಿದರೆ ಸುಗ್ರಾ ಕೊಡಲಿಲ್ಲ. "ಕೆಳಗ ಗಾಳಿ ಇಲ್ಲ ಅಕ್ಕಾ. ಅತ್ತರ ಇಬ್ಬರೂ ಹೋಗ್ತೀರಿ." ಕಲ್ಲು ಮುಚ್ಚಿತು.

ಕತ್ತಲು. ಹಳೇ ಜೋಳದ ಮುಗ್ಗು. ಮೇಲೆ ನಮ್ಮ ಮನೆಯಿಂದ ಮಾವನ ಕೂಗು. ಮಗ ಎಲ್ಲಿ, ಫಟ್‌ಫಟಿ ಎಲ್ಲಿ ಅಂತ ಕೇಳುವುದು, ಬಂದೂಕಿನ ಹಿಂಭಾಗದಿಂದ ಹೊಡೆಯುವುದು. ಒದ್ದೆ ಬಟ್ಟೆ ಕಲ್ಲಿಗೆ ಬಡಿದಂತೆ ಸದ್ದು. ಆಮೇಲೆ ಕೂಗು ನಿಂತಿತು, ಸದ್ದು ನಿಲ್ಲಲಿಲ್ಲ.

ಈ ಮನೆಗೂ ಬಂದರು. ನನ್ನ ತಲೆಯ ಮೇಲೆ ಬೂಟು. ಕಲ್ಲಿನ ಸಂದಿಯಿಂದ ಮಣ್ಣು ಉದುರಿ ಬಾಯಿಗೆ ಬಿತ್ತು. ಒಬ್ಬ ಕೇಳಿದ, ಎರಡು ಕೂಸು ಯಾರವು. ಸುಗ್ರಾಳ ದನಿ, ಬೇಸರಪಟ್ಟವಳಂತೆ: "ಜುಡ್ವಾ ಹೈಂ ಭಾಯ್. ದೂಧ್ ಪಿಲಾನೇ ದೇವ್." ಅವಳಿ ಮಕ್ಕಳು, ಹಾಲು ಕುಡಿಸಲು ಬಿಡಿ ಅಂತ.

ಹೋದರು. ಕಲ್ಲು ತೆಗೆದಾಗ ನೋಡಿದೆ. ಒಂದು ಮೊಲೆಗೆ ರಹಮತ್, ಇನ್ನೊಂದಕ್ಕೆ ನೀಲಿ. ನೀಲಿಯ ಹಣೆಯ ವಿಭೂತಿಯನ್ನು ಉಗುಳು ಹಚ್ಚಿ ಒರೆಸಿದ್ದಳು. ಕೊರಳ ಲಿಂಗವನ್ನು ದಾರ ಸಮೇತ ಬಿಚ್ಚಿ ತನ್ನ ಕುಪ್ಪಸದೊಳಗೆ ಹಾಕಿಕೊಂಡಿದ್ದಳು. ತೆಗೆದು ಕೊಟ್ಟಾಗ ಅವಳ ಮೈಯ ಬೆವರಿಗೆ ಬೆಚ್ಚಗಿತ್ತು.

"ನಿನ್ನ ಮಗಳು ಕಚ್ತಾಳ ಅಕ್ಕಾ. ಹಲ್ಲಿಲ್ಲ ಅಂತ ನಂಬಬ್ಯಾಡ."

ಆಮೇಲೆ ಇಬ್ಬರೂ ಅತ್ತೆವು.

೧೦ ಜುಲೈ

ಮಾವ ಬದುಕಿದ್ದಾರೆ. ಬಾಯಿ ಎಡಕ್ಕೆ ಎಳೆದಿದೆ. ಮಾತಿಲ್ಲ. ಈ ಹಂಪಣ್ಣ ಸಾವಕಾರ ಮಾತಾಡಿದರೆ ಕಾಳಿನ ಪೇಟೆ ಗಂಜ್‌ನಲ್ಲಿ ದರ ಏರುತ್ತಿತ್ತು. ಈಗ ಗಂಜಿ ಬಾಯಿಂದ ಸೋರುತ್ತದೆ. ಹೊಟ್ಟಿನ ರಾಶಿಗೆ ಭರ್ಚಿ ಚುಚ್ಚಿ ನೋಡಿದ್ದಾರೆ, ಬಾಗಿಲ ಕಡೆ ಮಾತ್ರ. ಗಾಡಿ ಆಚೆ ಮೂಲೆಯಲ್ಲಿತ್ತು.

೨೮ ಆಗಸ್ಟ್, ಶನಿವಾರ

ಎಷ್ಟು ದಿನದ ಮೇಲೆ. ಕೂಸು, ಮಾವನ ಹಾಸಿಗೆ, ಮತ್ತೆ ಕೂಸು.

ಹಾಲು ಹಾಕುವ ಬೂದೆಮ್ಮ ಇವತ್ತು ಖುಷಿಯಲ್ಲಿದ್ದಳು. "ನಮ್ಮ ಹೊಲದ ಕಡಿ ಈಗ ಬರ್ಲಿ ನೋಡ್ರಿ ಯಾರರ. ಫಟ್‌ಫಟಿ ಸಪ್ಪಳ ಬಂತಂದ್ರ ಸಾಕು, ಸಜ್ಜಿ ಹೊಲದ ಅಟ್ಟಣಿಗಿ ಮ್ಯಾಲಿಂದ ಕವಣಿ ಬೀಸ್ತಾರ. ಗುಬ್ಬಿ ಹೊಡದ ಕೈ, ತಪ್ಪಂಗಿಲ್ಲ. ಮೊನ್ನಿ ಒಬ್ಬವ ಖಾಕಿಯವ ಹಣಿ ಒಡಕೊಂಡು ಬಿದ್ದ. ಉಳದದ್ದು ಹೆಣ್ಮಕ್ಕಳು ಮುಗಿಸಿದ್ರು, ಒನಕಿಲೆ."

"ಯಾರು ಏನು ಅಂತ ನೋಡಂಗಿಲ್ಲೇನು?"

"ಏನ್ ನೋಡೋದ್ರಿ? ರಜಾಕಾರ್ರನ್ನ ಬಿಟ್ರ ಫಟ್‌ಫಟಿ ಮ್ಯಾಲೆ ಯಾರ್ ಅಡ್ಡಾಡ್ತಾರ? ನಿಮ್ಮ ಯಜಮಾನ್ರಽ ಹೇಳಿ ಕಳಿಸ್ಯಾರ, ಸಪ್ಪಳ ಕೇಳಿದ ಕೂಡ್ಲೆ ಹೊಡೀರಿ, ಮಾರಿ ನೋಡಾಕ ನಿಂತ್ರ ಸತ್ರಿ ಅಂತ."

ಇವರಿಗೆ ನನ್ನ ನೆನಪೇ ಆಗಲಿಲ್ಲವೇ. ಹೊಟ್ಟಿನಲ್ಲಿ ಹೂತದ್ದು ಹೊರಬರುವುದಿಲ್ಲ ಅಂತ ತಿಳಿದರೋ. ಅಥವಾ ನಾನು ಓಡಿಸುತ್ತೇನೆ ಅನ್ನುವುದನ್ನು ಎಂದೂ ನಂಬಿರಲೇ ಇಲ್ಲವೋ.

೧೯ ಸೆಪ್ಟೆಂಬರ್, ಭಾನುವಾರ

ಮುಗಿಯಿತು ಅನ್ನುತ್ತಾರೆ. ಹಿಂದೂಸ್ತಾನದ ಮಿಲಿಟರಿ ಬಂತು. ನಿಜಾಮ ಕೈ ಎತ್ತಿದ. ಚಾವಡಿ ಮೇಲೆ ಮೂರು ಬಣ್ಣದ ಬಾವುಟ. ಹಲಗೆ ಬಾರಿಸುತ್ತಿದ್ದಾರೆ.

ಇವರು ಬಂದರು. ಸಣ್ಣ ಗಾಡಿ ಕ್ಯಾಂಪಿನಲ್ಲೇ ಬಿಟ್ಟು ಬಂದಿದ್ದಾರೆ. ಗಡ್ಡ, ಹೆಗಲಿಗೆ ಬಂದೂಕು, ಹಿಂದೆ ಮೂವತ್ತು ನಲವತ್ತು ಮಂದಿ. ನೀಲಿ ಇವರನ್ನು ಕಂಡು ಚೀರಿದಳು. ಮಾವನ ಮುಂದೆ ಕೂತು ಆ ಸೊಟ್ಟ ಬಾಯಿಯನ್ನೇ ನೋಡಿದರು. ಮಾವ ಏನೋ ಹೇಳಲು ಹೋದರು, ಜೊಲ್ಲು ಬಂತು. ಇವರು ತಮ್ಮ ರುಮಾಲಿನಿಂದ ಒರೆಸಿ, ಅದೇ ರುಮಾಲು ತಲೆಗೆ ಸುತ್ತಿಕೊಂಡು ಎದ್ದರು.

ಸುಗ್ರಾ ನೀಲಿಗೆ ಹಾಲು ಕೊಟ್ಟದ್ದು ಎಲ್ಲ ಹೇಳಿದೆ.

"ಬೇಕಾದ್ದು ಕೊಟ್ಟು ಆ ಮನಿಯವ್ರನ್ನ ಕಳಿಸು" ಅಂದರು. ಮುಖ ನೋಡಲಿಲ್ಲ.

"ಎಲ್ಲಿಗೆ ಕಳಸ್ಲಿ?"

"ಹೊರಗಿನ ಮಂದಿ ನನ್ನ ಮಾತು ಕೇಳೋವಷ್ಟು ದಿನ ಕೇಳ್ತಾರ, ಶರಣಮ್ಮ. ಅವರಿಗೂ ಅಪ್ಪಂದಿರಿದ್ರು."

೨೧ ಸೆಪ್ಟೆಂಬರ್, ಮಂಗಳವಾರ

ಮಾಳಿಗೆಯಿಂದ ನೋಡಿದೆ. ನೋಡಬಾರದಿತ್ತು. ನೋಡಿದೆ.

ಇವರ ಮಂದಿ ಗೌಸ್ ಮಾಸ್ತರರನ್ನು ಗಡ್ಡ ಹಿಡಿದು ಎಳೆತಂದರು. ಮಸರಕಲ್‌ನಿಂದ ನಡೆದುಬಂದು ಎರಡೇ ದಿನವಾಗಿತ್ತು. ಕನ್ನಡಕ ಬಿತ್ತು, ಬಗ್ಗಿ ತಡಕಿದರು. ಬಗ್ಗಿದಾಗಲೇ ಕೊಡಲಿ ಬಿತ್ತು. ಸುಗ್ರಾ ಮೇಲೆ ಬಿದ್ದು ತಬ್ಬಿಕೊಂಡಳು, ಬಿಡಿಸಲು ಅವಳ ತೋಳಿಗೆ ಕುಡುಗೋಲು ಹಾಕಿ ಎಳೆದರು. ಬಾಳೆದಿಂಡು ಸೀಳಿದಂತೆ ಬಿಚ್ಚಿತು. ಮಾಸ್ತರರು ಇನ್ನೂ ಸತ್ತಿರಲಿಲ್ಲ. ಹಾಗೆಯೇ ಹುಣಸೆ ಗಿಡದಾಚೆಯ ಹಾಳುಬಾವಿಗೆ ಒಯ್ದರು. ಆಮೇಲೆ ಮೇಲಿಂದ ಕಲ್ಲು.

ಇವರು ಗುಂಪಿನ ಹಿಂದೆ ನಿಂತಿದ್ದರು. ಕೈ ಎತ್ತಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ. ಗಿಡ್ಡಕ್ಕಿದ್ದವರು, ಮುಂದಿನವರ ಭುಜದ ಮೇಲಿಂದ ಇಣುಕಲು ಹಿಮ್ಮಡಿ ಎತ್ತಿದ್ದು ನನಗೆ ಕಂಡಿತು.

ನಂತರ ಗುಂಪು ಬಾಗಲವಾಡದ ಕಡೆ ಹೋಯಿತು, ಇವರೂ ಹೋದರು. ಮಾಸ್ತರನ ಮನೆಯಲ್ಲಿ ಉಳಿದವರನ್ನು ಬಂದು ನೋಡಿಕೊಳ್ಳುತ್ತೇವೆ ಅಂತ ಒಬ್ಬ ಕೂಗಿದ.

ಕಿಂಡಿಯಿಂದ ಮೂವರನ್ನೂ ಎಳೆದುಕೊಂಡೆ. ಸುಗ್ರಾ, ರಹಮತ್, ಅಕ್ಬರಿ ಬೇಗಂ. ಹೊಟ್ಟಿನ ಗೋದಾಮಿಗೆ. ಅತ್ತೆ ಬಾಗಿಲಲ್ಲಿ ಅಡ್ಡ ನಿಂತರು.

"ನನ್ನ ಗಂಡನ ಬಾಯಿ ಸೊಟ್ಟ ಮಾಡಿದವ್ರ ಮಂದಿ ಇವ್ರು."

"ಹೌದ್ರಿ ಅತ್ತಿ."

"ಸಿಕ್ಕರ ನಮ್ಮನ್ನೂ ಬಿಡಂಗಿಲ್ಲ."

"ಹೌದ್ರಿ."

ಸುಗ್ರಾಳ ತೋಳು ನೋಡಿದರು. ಬಾಗಿಲು ಬಿಟ್ಟು ಸರಿದರು. "ಅರಿಷಿಣದ ಗಡಿಗಿ ತೊಗೊಂಡ ಬಾ. ನಿಂತ್ಗೊಂಡು ಏನ್ ನೋಡ್ತಿ?"

೨೨ ಸೆಪ್ಟೆಂಬರ್

ಸುಗ್ರಾಳ ತೋಳು ಬಾತು ಕರ್ರಗಾಗಿದೆ. ವಾಸನೆ ಶುರು. ಮೈ ಕೆಂಡ. ಗಂಡನನ್ನು ಊಟಕ್ಕೆ ಕರೆಯುತ್ತಾಳೆ. ರಹಮತನನ್ನು ಎತ್ತಿಕೊಳ್ಳಲಾರಳು. ಈಗ ಇಬ್ಬರಿಗೂ ನಾನೇ ಕುಡಿಸುತ್ತಿದ್ದೇನೆ. ಇಲ್ಲೇ ಇದ್ದರೆ ನಾಳೆಗೋ ನಾಡಿದ್ದಿಗೋ ಸಾಯುತ್ತಾಳೆ. ರಾಯಚೂರು ಸ್ಟೇಷನ್ನಿನ ಹತ್ತಿರ ಮಿಲಿಟರಿ ಡಾಕ್ಟರ್ ಇದ್ದಾನಂತೆ. ಬಂಡಿಯಲ್ಲಿ ಒಯ್ದರೆ ಮೊದಲ ಊರಲ್ಲೇ ಇಳಿಸುತ್ತಾರೆ.

ಒಂದು ಸಲಕ್ಕೆ ಒಬ್ಬರು. ಮೂವರನ್ನು ಹೊರಲಾರೆ. ಮೊದಲು ಅವಳು.

೨೩ ಸೆಪ್ಟೆಂಬರ್, ಗುರುವಾರ, ಸಂಜೆ

ಎಡಗೈ ಏಳುತ್ತಿಲ್ಲ. ಪುಣ್ಯಕ್ಕೆ ಬರೆಯುವುದು ಬಲಗೈ.

ನಸುಕಿನಲ್ಲೇ ಹೊಟ್ಟು ತೋಡಿ ಗಾಡಿ ತೆಗೆದೆವು, ನಾನೂ ಅತ್ತೆಯೂ. ಮಿಲಿಟರಿ ಕೋಟು, ಮಾವನ ರುಮಾಲು, ಮುಖಕ್ಕೆ ಬಟ್ಟೆ. ಸುಗ್ರಾಳನ್ನು ಹಿಂದೆ ಕೂರಿಸಿ ಮಾವನ ಧೋತ್ರದಿಂದ ನನ್ನ ಬೆನ್ನಿಗೆ ಕಟ್ಟಿದರು. ಅವಳ ಜ್ವರ ಕೋಟು ದಾಟಿ ಬರುತ್ತಿತ್ತು. ಕಿಕ್ ಒದ್ದೆ, ಮತ್ತೆ ಒದ್ದೆ, ಇಂಜಿನ್ ಹತ್ತಲಿಲ್ಲ. ಅತ್ತೆ: "ಎಮ್ಮಿ ಹಾಲು ಕೊಡವಲ್ದಂದ್ರ ಒದ್ರ ಆಕ್ಕೈತೇನು, ತಡಿ." ನಿಜವೇ, ಪೆಟ್ರೋಲ್ ಬಿಡುವ ನಳ ತೆಗೆದಿರಲಿಲ್ಲ.

ಹೋಗುವಾಗ ಯಾರೂ ತಡೆಯಲಿಲ್ಲ. ಅಷ್ಟು ಬೇಗ ಕವಣೆಯವರು ಅಟ್ಟಣಿಗೆ ಏರಿರಲಿಲ್ಲ. ದಾರಿಯಲ್ಲಿ ಸುಟ್ಟ ಮನೆ, ಬೇವಿನ ಗಿಡಕ್ಕೆ ನೇತುಹಾಕಿದ ಒಬ್ಬ, ನಾಯಿ. ಯಾವ ಪಕ್ಷದವನೋ, ಮುಖ ಉಳಿದಿರಲಿಲ್ಲ. ಹಳ್ಳದ ಕೆಸರಲ್ಲಿ ಗಾಡಿ ಜಾರಿತು. ಎರಡೂ ಕಾಲು ಊರಿ ಹಿಡಿದೆ. ತೊಡೆಯ ನರ ಹರಿದಂತಾಯಿತು, ಬೀಳಲಿಲ್ಲ. ಸಣ್ಣದಾಗಿದ್ದರೆ ಇಬ್ಬರೂ ಹಳ್ಳದಲ್ಲಿ.

ನಾನು ರುಮಾಲು ಬಿಚ್ಚಿದ ಮೇಲೆ ಮಿಲಿಟರಿ ಡಾಕ್ಟರು ಎರಡು ಸಲ ನೋಡಿದ. ತೋಳು ತೆಗೆಯಬೇಕಾದೀತು, ಜೀವ ಉಳಿಯಬಹುದು ಅಂದ. ಉಳಿದ ಇಬ್ಬರಿಗಾಗಿ ಟ್ರಕ್ ಕಳಿಸಿ ಅಂದರೆ, ನಾಲ್ಕೈದು ದಿನ ಆಗದು ಅಂದ. ಧೋತ್ರ ಬಿಚ್ಚುವಾಗ ಸುಗ್ರಾಗೆ ಸ್ವಲ್ಪ ಎಚ್ಚರವಿತ್ತು. "ರಹಮತ್" ಅಂದಳು. "ತರ್ತೀನಿ" ಅಂದೆ.

ತಿರುಗಿ ಬರುವಾಗ ಬಿಸಿಲೇರಿತ್ತು. ಊರು ಎರಡು ಮೈಲಿ ಇರುವಾಗ ಸಜ್ಜೆ ಹೊಲದಲ್ಲಿ ಡಬ್ಬಿ ಬಡಿದ ಸದ್ದು. ಮೊದಲ ಕಲ್ಲು ದೀಪಕ್ಕೆ. ಎರಡನೆಯದು ಎಡ ಹೆಗಲ ಎಲುಬಿಗೆ. ಕಟ್ ಅಂದದ್ದು ಒಳಗಿಂದ ಕೇಳಿತು. "ಲಂಬು ಖಾಕಿ, ಲಂಬು ಖಾಕಿ, ಬಿಡಬ್ಯಾಡ್ರಿ ಅವನ್ನ" ಅಂತ ಕೂಗು. ನಾನು ಶರಣಮ್ಮ ಅಂತ ಕೂಗಿದೆ. ಇಂಜಿನ್ ಸದ್ದಿನಲ್ಲಿ ನನಗೇ ಕೇಳಲಿಲ್ಲ. ಕೊಡಲಿ ಹಿಡಿದವನೊಬ್ಬ ದಾರಿಗೆ ಹಾರಿದ. ತಪ್ಪಿಸಲಿಲ್ಲ. ಮುಂದಿನ ಚಕ್ರ ಅವನ ಪಾದದ ಮೇಲೆ ಹಾದದ್ದು ಹ್ಯಾಂಡಲ್ಲಿನಲ್ಲಿ ಗೊತ್ತಾಯಿತು. ಎಡಗೈ ಇಲ್ಲದೆ ಗೇರು ಬದಲಿಸಲಾಗದೆ ಅದೇ ಗೇರಿನಲ್ಲಿ ಮನೆಯವರೆಗೂ.

ಅತ್ತೆ ಗೇಟು ತೆಗೆದು, ಕೋಟು ಕಳಚಿ, ಹೆಗಲು ಮುಟ್ಟಿ ನೋಡಿ, ನೀಲಿಯನ್ನೂ ರಹಮತನನ್ನೂ ತಂದು ಎರಡೂ ಬದಿಗೆ ಹಾಕಿದರು.

೨೪ ಸೆಪ್ಟೆಂಬರ್, ಶುಕ್ರವಾರ, ಸಂಜೆ

ಮಧ್ಯಾಹ್ನ ಇವರು ಬಂದರು. ಊಟಕ್ಕೆ ಕೂತು ತಾವಾಗಿ ಶುರು ಮಾಡಿದರು: ನಿನ್ನೆ ಹುಡುಗರು ಒಬ್ಬ ರಜಾಕಾರನಿಗೆ ಹೊಡೆದರಂತೆ. ಆರಡಿ ಆಳು. ನಮ್ಮವನೊಬ್ಬನ ಪಾದ ಪುಡಿ ಮಾಡಿ ಹೋದ. "ಹೆಗಲಿಗೆ ಬಿದ್ದದ. ಎಲ್ಲೋ ಅಡಗಿರ್ಬೇಕು. ಸಿಗ್ತಾನ."

ನೀಲಿ ಅತ್ತಳು. "ಕೊಡಿಲ್ಲಿ ಆಕಿನ್ನ" ಅಂದರು. ಬಲಗೈ ಒಂದರಲ್ಲೇ ಎತ್ತಿದೆ. ಸೆರಗು ಜಾರಿತು.

ತುತ್ತು ಕೈಯಲ್ಲೇ ಉಳಿಯಿತು. ನೋಡಿದರು. ಹೆಗಲು ನೇರಳೆ ಬಣ್ಣಕ್ಕೆ ತಿರುಗಿತ್ತು.

ಆಗಲೇ ಗೇಟಿನಲ್ಲಿ ಜನ. ಕವಣೆಯವರು. "ವಿರೂಪಣ್ಣ, ಗಾಲಿ ಗುರುತು ನಿಮ್ಮ ಗಿರಣಿಗೇ ಬಂದಾವ. ಹೊಟ್ಟಿನಾಗ ಸೇರ್ಯಾನ ಸೂಳೇಮಗ." ಕೊಡಲಿ, ಸಲಿಕೆ. ಇವರು ಕೈ ತೊಳೆಯದೇ ಎದ್ದುಹೋದರು.

ಮೇಲಿನಿಂದ ನೋಡುತ್ತಿದ್ದೆ. ಗೋದಾಮಿನ ಬಾಗಿಲು ತೆಗೆದರು. ಸಲಿಕೆ ಹೊಟ್ಟಿಗೆ ಬಿತ್ತು. ಒಳಗೆ ರಹಮತ್ ಅಳಲು ಶುರುಮಾಡಿದ.

ಸಲಿಕೆ ನಿಂತಿತು.

ನೀಲಿಯ ತೊಡೆ ಚಿವುಟಿದೆ. ಇನ್ನೂ ಜೋರಾಗಿ ಚಿವುಟಿದೆ. ರಕ್ತ ಬಂತು. ಅವಳದು ಉಸಿರು ಕಟ್ಟುವಂಥ ಚೀರಾಟ, ಹಾಗೇ ಎತ್ತಿಕೊಂಡು ಮೆಟ್ಟಿಲಿಳಿದು ಗುಂಪಿನ ನಡುವೆ ಹಾದು ಬಾಗಿಲಲ್ಲಿ ನಿಂತೆ. ಕೂಸಿಗೆ ಹೊಟ್ಟೆ ನೋವು, ಸಲಿಕೆ ಸದ್ದಿಗೆ ಅಳುತ್ತಿದೆ ಅಂದೆ. ಹಿಂದೆ ಕತ್ತಲಲ್ಲಿ ಇನ್ನೊಂದು ಅಳು. ಎರಡು ದನಿ. ಹತ್ತಿರ ನಿಂತ ಇವರಿಗೆ ಎರಡೂ ಕೇಳಿದವು. ನನಗೆ ಗೊತ್ತು, ಕೇಳಿದವು.

ಇವರು ಒಬ್ಬನ ಕೈಯಿಂದ ಸಲಿಕೆ ಕಿತ್ತುಕೊಂಡರು.

"ಗಾಡಿ ನಂದು. ನಾನಽ ತರಿಸಿದ್ದು. ನಮ್ಮ ಆಳು ಹೊಡಕೊಂಡು ಬಂದಾನ. ನಿಮ್ಮ ಕಲ್ಲಿಗೆ ನಮ್ಮವನಽ ಸಿಕ್ಕಾನ."

"ಆಳು ಎಲ್ಲಿ?"

"ಊರಿಗೆ ಓಡ್ಯಾನ. ಕೂಸಿಗೆ ಆರಾಮಿಲ್ಲ, ನಡೀರಿ."

ಹೋದರು. ಒಬ್ಬ ತಿರುಗಿ ನೋಡುತ್ತ ಹೋದ, ಸೊಂಟದಲ್ಲಿ ಕುಡುಗೋಲಿದ್ದವ.

ಬಾಗಿಲು ಹಾಕಿ ಇವರು ಒಳಗೆ ನೋಡಿದರು. ಅಕ್ಬರಿ ಬೇಗಂ ರಹಮತನನ್ನು ಎದೆಗೊತ್ತಿಕೊಂಡು ಗಾಡಿಯ ಹಿಂದೆ ಕೂತಿದ್ದಳು. ಕಣ್ಣು ಮುಚ್ಚಿ, ಕುತ್ತಿಗೆ ಮುಂದಕ್ಕೆ ಚಾಚಿ. ಕಡಿಯಲಿ ಅಂತಲೇ ಚಾಚಿದ್ದಳು.

"ಮಾಸ್ತರನ ತಾಯಿ" ಅಂದೆ.

"ಗೊತ್ತದ." ಆಮೇಲೆ: "ಹುಡುಗಿ?"

"ರಾಯಚೂರಾಗ."

ಗಾಡಿಯ ಸುತ್ತ ಒಂದು ಸುತ್ತು ಬಂದರು. ಒಡೆದ ದೀಪ ಮುಟ್ಟಿದರು. "ನಾಳೆ ನಸುಕಿನಾಗ ಇವರಿಬ್ಬರನ್ನ ನಾ ಒಯ್ತೀನಿ. ನಿನ್ನ ಕೈಲಿ ಆಗಂಗಿಲ್ಲ."

"ರಾಯಚೂರಿಗೇ ಒಯ್ತೀರಿ?"

"ಗೇರು ಹೆಂಗ ಎಳಿಯೋದು ತೋರ್ಸು."

ತೋರಿಸಿದೆ. ಒಂದು ಸಲ, ಎರಡು ಸಲ. ಬೇಗ ಕಲಿಯುತ್ತಾರೆ. ಕಾಲು ಮಾತ್ರ ಮುಟ್ಟುವುದಿಲ್ಲ. "ಎಲ್ಲೂ ನಿಲ್ಲಿಸಬ್ಯಾಡ್ರಿ. ನಿಂತ್ರ ಮೂರೂ ಮಂದಿ ಬೀಳ್ತೀರಿ" ಅಂದೆ. ತಲೆಯಾಡಿಸಿದರು.

ಹಿಮ್ಮಡಿ ಎತ್ತಿ ಇಣುಕಿದವರೂ ಇವರೇ. ಸಲಿಕೆ ಕಿತ್ತುಕೊಂಡವರೂ ಇವರೇ. ಯಾರ ಕೈಗೆ ಕೊಡುತ್ತಿದ್ದೇನೆ? ಕೊಡದಿದ್ದರೆ ಆ ಕುಡುಗೋಲಿನವನು ನಾಳೆ ಬರುತ್ತಾನೆ. ಅತ್ತೆಯನ್ನು ಕೇಳಿದೆ. "ನಾ ಹೆತ್ತೀನಿ. ಆದ್ರ ಮೊನ್ನೆ ಬಾವಿ ಹತ್ರ ನಿಂತವನ್ನ ನಾ ಹೆತ್ತಿಲ್ಲ. ಯಾವನು ಒಯ್ತಾನೋ ನನಗೂ ಗೊತ್ತಿಲ್ಲವ್ವ" ಅಂದರು.

೨೫ ಸೆಪ್ಟೆಂಬರ್, ಶನಿವಾರ, ನಸುಕು

ಹೊರಟರು, ಈಗಷ್ಟೇ. ಅಂಗಳದ ಕಟ್ಟೆಯ ಮೇಲಿಂದ ಏರಿದರು. ಅಕ್ಬರಿ ಬೇಗಂ ಹಿಂದೆ, ನನ್ನ ಸೀರೆ ಉಟ್ಟು. ರಹಮತನಿಗೆ ಹೊಟ್ಟೆ ತುಂಬ ಕುಡಿಸಿ ಅವಳ ಎದೆಗೆ ಕಟ್ಟಿದೆ. ಇವರು ಬಂದೂಕನ್ನೂ ಹೆಗಲಿಗೆ ಹಾಕಿಕೊಂಡರು. ಯಾಕೆ ಅಂತ ಕೇಳಲಿಲ್ಲ. ಕೇಳಬೇಕಿತ್ತು.

ಮಾಳಿಗೆ ಮೇಲೆ ಕೂತು ಬರೆಯುತ್ತಿದ್ದೇನೆ. ಮಂಜು. ಕಾಣುವುದಿಲ್ಲ, ಸದ್ದು ಮಾತ್ರ. ಮೊದಲ ಗೇರು. ಎರಡನೆಯದು ಸ್ವಲ್ಪ ತಡವಾಗಿ. ಗಂಜ್ ದಾಟಿತು. ಮುಂದೆ ಹುಣಸೆ ಗಿಡದ ಕೂಡುದಾರಿ. ಎಡಕ್ಕೆ ರಾಯಚೂರು. ಬಲಕ್ಕೆ ಹಾಳುಬಾವಿ.

ಸದ್ದು ಸಣ್ಣಗಾಯಿತು. ದೂರವಾಗಿ ಅಲ್ಲ. ನಿಂತಿದ್ದಾರೆ.

ಇವರಿಗೆ ನಿಲ್ಲಲಾಗದು, ಬೀಳುತ್ತಾರೆ. ಹುಣಸೆಯ ಕಟ್ಟೆಗೆ ಕಾಲು ಕೊಟ್ಟರೆ ಮಾತ್ರ ನಿಲ್ಲಬಹುದು. ಆ ಕಟ್ಟೆಯ ಮೇಲೆ ಇವರ ಮಂದಿ ಕೂತಿರುತ್ತಾರೆ, ದಿನಾ, ಈ ಹೊತ್ತಿಗೆ.

ಮಾತು ಕೇಳುತ್ತಿಲ್ಲ. ಇಂಜಿನ್ ಒಂದೇ ಸಮ. ಅತ್ತೆ ಮೇಲೆ ಬಂದರು. "ಯಾವ ಕಡಿ?" ಅಂದರು. ಕೈ ತೋರಿಸಿ ಸುಮ್ಮನಿರಿಸಿದೆ.

ಗುಂಡು. ಒಂದೇ.

ಇಂಜಿನ್ ಆರಿಲ್ಲ. ಈಗ ಗೇರು ಬಿತ್ತು. ಸದ್ದು ಏರುತ್ತಿದೆ, ತಿರುಗುತ್ತಿದೆ, ಎಡಕ್ಕೆ, ರಾಯಚೂರಿಗೆ.